ಹಿಂತಿರುಗಿ ಬಂದವನು ಬ್ರೇಕಿಂಗ್ ನ್ಯೂಸ್ ಆಗಲ್ಲ

2016ರ ಫೆಬ್ರವರಿ 8, ಸೋಮವಾರ ರಾತ್ರಿ. ನಾನಿನ್ನೂ ಆ್ಯಂಕರ್ ಆಗಿರಲಿಲ್ಲ. ಡೆಸ್ಕ್‌ನಲ್ಲಿ ಕೂತು ಬುಲೆಟಿನ್ ಬರೀತಿದ್ದೆ. ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಪೋಸ್ಟ್ ಮೇಲೆ ಮಂಜುಗಡ್ಡೆಯ ಬೃಹತ್ ಗೋಡೆಯೊಂದು ಕುಸಿದಿತ್ತು. 19 ಸಾವಿರ ಅಡಿಗೂ ಎತ್ತರದ ಜಾಗ. ಮದ್ರಾಸ್ ರೆಜಿಮೆಂಟ್‌ನ ಹತ್ತು ಯೋಧರು ಅದರಡಿ ಸೇರಿಹೋಗಿದ್ದರು. ಅದರಲ್ಲಿ ಮೂವರು ನಮ್ಮ ಕರ್ನಾಟಕದವರು. ಯಾರೂ ಬದುಕಿಲ್ಲ ಅಂತ ನಾವೆಲ್ಲ ಸುದ್ದಿ ಓದಿ ಮುಗಿಸಿಯೂ ಆಗಿತ್ತು.

ಆಗ ಬಂತು ಫ್ಲ್ಯಾಶ್. ಒಬ್ಬರು ಜೀವಂತ! ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಸುಮಾರು 25 ಅಡಿ ಮಂಜಿನಡಿ ಆರು ದಿನ. ಡೆಸ್ಕ್‌ನಲ್ಲಿದ್ದ ನಾವೆಲ್ಲ ಎದ್ದು ನಿಂತುಬಿಟ್ಟೆವು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದಾಗ ನಾಡಿಗೆ ನಾಡೇ ಅತ್ತಿದ್ದು ನಿಮಗೆಲ್ಲ ನೆನಪಿರುತ್ತೆ.

ಆ ವಾರವಿಡೀ ಟಿಕ್ಕರ್‌ನಲ್ಲಿ ನಾನು ಟೈಪ್ ಮಾಡಿದ ಪದ ‘ಹಿಮಪಾತ’. ದಾವಣಗೆರೆಯಿಂದ ಅಪ್ಪ ಫೋನ್ ಮಾಡಿ ಕೇಳಿದರು: “ಅಲ್ಲಪ್ಪಾ, ಹಿಮಪಾತ ಅಂದ್ರೆ ಆಲಿಕಲ್ಲು ಮಳೆ ಬಿದ್ದಂಗೇನು?” ನನಗೆ ಉತ್ತರ ಗೊತ್ತಿರಲಿಲ್ಲ. ಆಕಾಶದಿಂದ ಹಿಮ ಸುರಿದರೂ ನಮಗೆ ಹಿಮಪಾತ. ಬೆಟ್ಟದಿಂದ ಹಿಮ ಜಾರಿ ಊರು ಮುಚ್ಚಿದರೂ ಹಿಮಪಾತ. ಮೊದಲನೆಯದು ಹವಾಮಾನ, ಎರಡನೆಯದು ಅನಾಹುತ. ಎರಡಕ್ಕೂ ಒಂದೇ ಪದ ಬಳಸ್ತೀವಿ ಅಂದ್ರೆ ನಮಗೆ ಹಿಮದ ಪರಿಚಯವೇ ಇಲ್ಲ ಅಂತ ಅರ್ಥ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ನಮ್ಮೂರಲ್ಲಿ ಹಿಮ ಬೀಳಲ್ಲ. ಆದ್ರೆ ಈಗ ಕಾಲ ಬದಲಾಗಿದೆ. ಪ್ರತಿ ಡಿಸೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗಿ ನೋಡಿ. ಬೆನ್ನಿಗೆ ದೊಡ್ಡ ಬ್ಯಾಗ್ ಹಾಕ್ಕೊಂಡು ಡೆಹ್ರಾಡೂನ್ ವಿಮಾನಕ್ಕೆ ಕಾಯ್ತಿರೋ ಹುಡುಗ ಹುಡುಗಿಯರು ಸಿಗ್ತಾರೆ. ನಿಮ್ಮ ಮನೆಯ ಮಕ್ಕಳೂ ಇರಬಹುದು. ಹಾಗಾಗಿ ಕುಸಿಯೋದಕ್ಕೆ ‘ಹಿಮಕುಸಿತ’ ಅಂತಲೇ ಹೇಳೋಣ. ಅದರ ಚರಿತ್ರೆಯನ್ನ ಒಂದಿಷ್ಟು ತಿಳ್ಕೊಳ್ಳೋಣ.

ಹಿಮಕುಸಿತ ಅಂದ ಕೂಡಲೇ ನಾವು ಟಿವಿಯವರು ಬರೆಯೋ ಮೊದಲ ಸಾಲು ಯಾವುದು ಗೊತ್ತಾ? ‘ವಿಧಿಯ ಅಟ್ಟಹಾಸ’. ಚರಿತ್ರೆ ಓದಿದರೆ ಈ ಸಾಲು ಬರೆಯೋಕೆ ಕೈ ಬರಲ್ಲ.

ಕ್ರಿ.ಪೂ. 218. ಕಾರ್ತೇಜ್‌ನ ಸೇನಾನಿ ಹ್ಯಾನಿಬಲ್ ಆನೆಗಳ ಸಮೇತ ಆಲ್ಪ್ಸ್ ಪರ್ವತ ದಾಟಿದ. ಆ ದಂಡಯಾತ್ರೆಯ ಬಗ್ಗೆ ಬರೆದ ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಒಂದು ಸೂಕ್ಷ್ಮ ಸಂಗತಿ ದಾಖಲಿಸಿದ್ದಾನೆ. ಹಿಂದಿನ ವರ್ಷದ ಗಟ್ಟಿ ಹಿಮದ ಮೇಲೆ ಆ ವರ್ಷದ ಹೊಸ ಹಿಮ ಬಿದ್ದಿತ್ತಂತೆ. ಮೇಲಿನದು ಮೆತ್ತಗಿತ್ತು, ಕಾಲು ಒಳಗೆ ಹೋಗ್ತಿತ್ತು, ಕೆಳಗಿನ ಗಟ್ಟಿ ಪದರ ಮುಟ್ಟಿದ ತಕ್ಷಣ ಸೈನಿಕರು ಜಾರಿಬೀಳ್ತಿದ್ದರು. ಹಿಮ ಅಂದ್ರೆ ಒಂದೇ ರಾಶಿ ಅಲ್ಲ, ಪದರಗಳು. ಒಂದು ಪದರಕ್ಕೂ ಇನ್ನೊಂದು ಪದರಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ಮೇಲಿನದು ಜಾರುತ್ತೆ. ಇಂದಿನ ವಿಜ್ಞಾನದ ಅಡಿಪಾಯವೂ ಇದೇ.

ಆಲ್ಪ್ಸ್‌ನ ಹಳ್ಳಿಗರು ಹಿಮಕುಸಿತವನ್ನ ದೇವರ ಕೋಪ ಅಂದರು, ಮಾಟಗಾತಿಯರ ಕೆಲಸ ಅಂದರು. ಆದರೆ ಬದುಕೋ ಬುದ್ಧಿಯನ್ನೂ ಬಿಟ್ಟಿರಲಿಲ್ಲ. ಸ್ವಿಟ್ಜರ್ಲೆಂಡಿನ ಆಂಡರ್‌ಮಾಟ್ ಊರಿನ ಮೇಲ್ಗಡೆ ಇದ್ದ ಕಾಡನ್ನ ಯಾರೂ ಕಡಿಯಬಾರದು ಅಂತ 1397ರಲ್ಲೇ ಶಾಸನ ಬರೆದರು. ನಮ್ಮ ಕೊಡಗಿನ ದೇವರಕಾಡು ಇದ್ದಂತೆ ಅನ್ಕೊಳ್ಳಿ. ಇಲ್ಲಿ ಮಾತ್ರ ಮರಗಳು ಕಾಯ್ತಿದ್ದಿದ್ದು ಊರನ್ನ. ಮುಂದೆ 1881ರಲ್ಲಿ ಸ್ವಿಸ್ ಅರಣ್ಯಾಧಿಕಾರಿ ಯೋಹಾನ್ ಕೋವಾಜ್, ಎಲ್ಲೆಲ್ಲಿ ಹಿಮ ಕುಸಿಯುತ್ತೆ ಅನ್ನೋದನ್ನ ಪಟ್ಟಿ ಮಾಡಿ ಪುಸ್ತಕವನ್ನೇ ಬರೆದ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕುಸಿಯುತ್ತೆ ಅಂದ್ರೆ ಅದು ಮಾಟ ಅಲ್ಲ, ಭೂಗೋಳ.

ಸರಿ, ಗೊತ್ತಿದ್ದರೆ ಸಾಕಾ? ಸಾಲದು. ಅದಕ್ಕೆ ಸಾಕ್ಷಿ 1916ರ ಡಿಸೆಂಬರ್ 13.

ಮೊದಲ ಮಹಾಯುದ್ಧ. ಇಟಲಿ ಮತ್ತು ಆಸ್ಟ್ರಿಯಾ-ಹಂಗೇರಿ ಸೇನೆಗಳು ಆಲ್ಪ್ಸ್‌ನ ಶಿಖರಗಳ ಮೇಲೇ ಕಾದಾಡ್ತಿದ್ದವು. ಮಾರ್ಮೊಲಾಡಾ ಶಿಖರದ ಕೆಳಗೆ, ಗ್ರಾನ್ ಪೋಜ್ ಅನ್ನೋ ಜಾಗದಲ್ಲಿ ಆಸ್ಟ್ರಿಯಾ ಸೇನೆಯ ಮರದ ಬ್ಯಾರಕ್‌ಗಳಿದ್ದವು. ಶತ್ರುವಿನ ಗುಂಡಿನಿಂದ ಮರೆಯಾಗಿರಲಿ ಅಂತ ಬಂಡೆಯ ಬುಡದಲ್ಲಿ ಕಟ್ಟಿದ್ದರು. ಹೌದು, ಇಟಲಿಯ ಗುಂಡು ಅಲ್ಲಿಗೆ ಬರ್ತಿರಲಿಲ್ಲ. ಆದರೆ ಮೇಲೆ ಹಿಮ ಪೇರಿಸಿಕೊಳ್ತಾ ಇತ್ತು. ಕ್ಯಾಪ್ಟನ್ ರುಡಾಲ್ಫ್ ಷ್ಮಿಡ್ ಅದನ್ನ ನೋಡಿದ. ಇಲ್ಲಿಂದ ಜಾಗ ಬದಲಾಯಿಸೋಕೆ ಅನುಮತಿ ಕೊಡಿ ಅಂತ ಮೇಲಧಿಕಾರಿಗಳಿಗೆ ಬರೆದ. ಅನುಮತಿ ಸಿಗಲಿಲ್ಲ. ಡಿಸೆಂಬರ್ 13ರ ನಸುಕಿನಲ್ಲಿ ಬೆಟ್ಟವೇ ಇಳಿದುಬಂತು. ಸುಮಾರು 270 ಸೈನಿಕರು ಸತ್ತರು. ಆ ದಿನ ಬುಧವಾರ. ಆದ್ರೂ ಚರಿತ್ರೆಯಲ್ಲಿ ಆ ದುರಂತಕ್ಕೆ ‘ಬಿಳಿ ಶುಕ್ರವಾರ’ ಅಂತ ಹೆಸರು. ವಾರದ ಹೆಸರು ತಪ್ಪಿರಬಹುದು, ಷ್ಮಿಡ್ ಕೊಟ್ಟ ಎಚ್ಚರಿಕೆ ತಪ್ಪಿರಲಿಲ್ಲ.

ಇದನ್ನ ನೆನಪಿಟ್ಕೊಳ್ಳಿ. ಅಪಾಯ ಗೊತ್ತಿತ್ತು. ಗೊತ್ತಿದ್ದವನಿಗೆ ಅಲ್ಲಿಂದ ಹೊರಡೋ ಸ್ವಾತಂತ್ರ್ಯ ಇರಲಿಲ್ಲ.

ಈಗ ವಿಜ್ಞಾನಕ್ಕೆ ಬರೋಣ. ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಕಾಲೇಜಿನಲ್ಲಿ ಮಣ್ಣಿನ ಪರೀಕ್ಷೆ ಮಾಡಿಸ್ತಿದ್ದರು. 63.5 ಕೆ.ಜಿ. ತೂಕದ ಸುತ್ತಿಗೆಯನ್ನ 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಬೇಕು, ಎಷ್ಟು ಹೊಡೆತಕ್ಕೆ ಕೊಳವೆ ಎಷ್ಟು ಇಳಿಯಿತು ಅಂತ ಎಣಿಸಬೇಕು. ಬಿಸಿಲಲ್ಲಿ ಬೈಕೊಂಡು ಮಾಡಿದ್ದ ಪರೀಕ್ಷೆ ಅದು. ಹಿಮಕುಸಿತದ ಚರಿತ್ರೆ ಓದುವಾಗ ಥೇಟ್ ಅದೇ ಉಪಾಯ ಎದುರಾದಾಗ ನನಗೆ ನಗು ಬಂತು.

1936ರಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್ ಊರಿನ ಮೇಲೆ, ವೈಸ್‌ಫ್ಲೂಯೋಹ್ ಅನ್ನೋ ಎತ್ತರದಲ್ಲಿ, 2,600 ಮೀಟರ್‌ಗೂ ಮೇಲೆ, ಕೆಲವು ಸಂಶೋಧಕರು ಹಿಮದ ನಡುವೆಯೇ ಪ್ರಯೋಗಾಲಯ ಮಾಡಿಕೊಂಡರು. ಈಗ ವರ್ಷಕ್ಕೊಮ್ಮೆ ಜಗತ್ತಿನ ಶ್ರೀಮಂತರೆಲ್ಲ ಸಭೆ ಸೇರ್ತಾರಲ್ಲ, ಅದೇ ದಾವೋಸ್. ಆ ತಂಡದಲ್ಲಿದ್ದ ರಾಬರ್ಟ್ ಹೇಫೆಲಿ ಮಣ್ಣಿನ ಮೆಕ್ಯಾನಿಕ್ಸ್ ಬಲ್ಲ ಇಂಜಿನಿಯರ್. ತುದಿಯಲ್ಲಿ ಕೋನ್ ಇರೋ ಲೋಹದ ಕೋಲನ್ನ ಹಿಮಕ್ಕೆ ನಿಲ್ಲಿಸಿ, ಮೇಲಿಂದ ತೂಕ ಬೀಳಿಸಿ, ಎಷ್ಟು ಇಳಿಯುತ್ತೆ ಅಂತ ಅಳೆದ. ಗಟ್ಟಿ ಪದರ ಎಲ್ಲಿದೆ, ಟೊಳ್ಳು ಪದರ ಎಲ್ಲಿದೆ, ಎಲ್ಲ ಗೊತ್ತಾಗ್ತಾ ಹೋಯ್ತು. ಅಡಿಪಾಯಕ್ಕೆ ಮುಂಚೆ ಮಣ್ಣು ನೋಡಿದ ಹಾಗೆ, ಹೆಜ್ಜೆಗೆ ಮುಂಚೆ ಹಿಮ ನೋಡೋದು.

ಅವರು ಕಂಡುಕೊಂಡಿದ್ದನ್ನ ಅಡುಗೆಮನೆ ಭಾಷೆಯಲ್ಲಿ ಹೇಳ್ತೀನಿ. ಬಿದ್ದ ಹಿಮ ಬಿದ್ದ ಹಾಗೇ ಇರಲ್ಲ. ನೆಲದ ಹತ್ತಿರ ಉಷ್ಣಾಂಶ ಹೆಚ್ಚೂಕಮ್ಮಿ ಸೊನ್ನೆ ಡಿಗ್ರಿ, ಮೇಲೆ ಗಾಳಿ ಮೈನಸ್ 20 ಇರಬಹುದು. ಈ ವ್ಯತ್ಯಾಸದಿಂದ ಹಿಮದೊಳಗೆ ನೀರಾವಿ ಕೆಳಗಿಂದ ಮೇಲಕ್ಕೆ ಓಡಾಡುತ್ತೆ. ಹಿಮದ ಕಣಗಳು ನಿಧಾನಕ್ಕೆ ಸಕ್ಕರೆ ಹರಳಿನಂತಾಗ್ತವೆ. ಸಕ್ಕರೆ ಹರಳು ಒಂದಕ್ಕೊಂದು ಅಂಟುತ್ತಾ? ಅಂಟಲ್ಲ. ಈಗ ಇದರ ಮೇಲೆ ಹೊಸ ಹಿಮ ಬಿತ್ತು, ಗಾಳಿ ಅದನ್ನ ಒತ್ತಿ ಒತ್ತಿ ಹಲಗೆ ಥರ ಗಟ್ಟಿ ಮಾಡಿತು ಅನ್ಕೊಳ್ಳಿ. ಒಂದು ತಟ್ಟೆ ತುಂಬ ಸಕ್ಕರೆ ಹರಡಿ, ಮೇಲೊಂದು ಹೆಂಚು ಇಟ್ಟು, ತಟ್ಟೆಯನ್ನ ಓರೆ ಮಾಡಿ ನೋಡಿ. ಹೆಂಚು ಇಡಿಯಾಗಿ ಜಾರುತ್ತೆ. ಅತಿ ಹೆಚ್ಚು ಜನರನ್ನ ಕೊಲ್ಲೋ ಹಿಮಕುಸಿತ ಇದೇ. ಮೇಲಿಂದ ನೋಡಿದರೆ ಚೆಂದದ, ಗಟ್ಟಿಮುಟ್ಟಾದ ಬಿಳಿ ಇಳಿಜಾರು. ಅಪಾಯ ಇರೋದು ಮೊಳ ಆಳದಲ್ಲಿ.

ಎಷ್ಟು ಇಳಿಜಾರು? ಬಹುಪಾಲು ಇಂಥ ಕುಸಿತ ಶುರುವಾಗೋದು 30ರಿಂದ 45 ಡಿಗ್ರಿಯ ನಡುವೆ. ನಿಮ್ಮ ಮನೆಯ ಮೆಟ್ಟಿಲು ಅಳೆಯಿರಿ. 10 ಇಂಚು ಅಗಲ, ಆರೂವರೆ ಇಂಚು ಎತ್ತರ ಇದ್ದರೆ 33 ಡಿಗ್ರಿ. ಅಂದ್ರೆ ಮಹಡಿ ಮೆಟ್ಟಿಲಿನಷ್ಟು ಓರೆ ಸಾಕು. ಇದಕ್ಕಿಂತ ತೀರಾ ಕಡಿದಾದ ಕಡೆ ಹಿಮ ನಿಲ್ಲೋದೇ ಕಮ್ಮಿ, ಆಗಾಗ ಉದುರಿಹೋಗುತ್ತೆ. ಇನ್ನೂ ಒಂದು ಮಾತು. ನೀವು ನಿಂತ ಜಾಗ ಸಮತಟ್ಟಾಗಿದ್ದರೆ ಸಾಲದು, ನಿಮ್ಮ ತಲೆಯ ಮೇಲಿನ ಇಳಿಜಾರನ್ನೂ ನೋಡಬೇಕು. ಗ್ರಾನ್ ಪೋಜ್‌ನ ಸೈನಿಕರು ಮಲಗಿದ್ದು ಇಳಿಜಾರಿನ ಮೇಲಲ್ಲ, ಅದರ ಕೆಳಗೆ.

ಬೆಟ್ಟವೂ ಸುಮ್ಮನೆ ಇರಲ್ಲ, ಸೂಚನೆ ಕೊಡುತ್ತೆ. ಅಕ್ಕಪಕ್ಕದಲ್ಲಿ, ಅದೇ ದಿಕ್ಕಿನ ಇಳಿಜಾರಿನಲ್ಲಿ ಹೊಸದಾಗಿ ಕುಸಿದ ಗುರುತು ಇರುತ್ತೆ. ಹೆಜ್ಜೆ ಇಟ್ಟಾಗ ಒಳಗಿಂದ ‘ಧುಮ್’ ಅಂತ ಶಬ್ದ ಬರುತ್ತೆ. ಟೊಳ್ಳು ಪದರ ಕುಸಿದ ಸದ್ದು ಅದು. ಕಾಲಿನಿಂದ ಮುಂದಕ್ಕೆ ಗಾಜಿನ ಬಿರುಕಿನ ಥರ ಗೆರೆ ಓಡುತ್ತೆ. ಒಂದೆರಡು ದಿನದಲ್ಲಿ ಭಾರಿ ಹಿಮ ಬಿದ್ದಿರುತ್ತೆ, ಅಥವಾ ಇದ್ದಕ್ಕಿದ್ದಂತೆ ಬಿಸಿಲು ಏರಿರುತ್ತೆ. ಬಲ್ಲವರು ಹಿಮದಲ್ಲಿ ಗುಂಡಿ ತೋಡಿ ಪದರಗಳನ್ನ ನೋಡ್ತಾರೆ. ಒಂದು ಕಂಬದಷ್ಟು ಹಿಮವನ್ನ ಬಿಡಿಸಿ, ಮೇಲೆ ಸಲಿಕೆಯ ತಟ್ಟೆ ಇಟ್ಟು, ಮಣಿಕಟ್ಟಿನಿಂದ 10 ಸಲ, ಮೊಣಕೈಯಿಂದ 10 ಸಲ, ಭುಜದಿಂದ 10 ಸಲ ತಟ್ಟುತ್ತಾರೆ. ಎಷ್ಟನೇ ಏಟಿಗೆ ಯಾವ ಪದರ ಜಾರಿತು ಅಂತ ಬರೆದಿಟ್ಕೊಳ್ತಾರೆ. ಆದರೆ ಒಂದೇ ಗುಂಡಿ ನಂಬೋ ಹಾಗಿಲ್ಲ, ಹತ್ತು ಮೀಟರ್ ಆಚೆ ಹಿಮದ ಜಾತಕವೇ ಬೇರೆ ಇರಬಹುದು. ಅದಕ್ಕೇ ಗುಂಡಿಯ ಫಲಿತಾಂಶ ಚೆನ್ನಾಗಿದ್ದರೂ ಉಳಿದ ಸೂಚನೆಗಳು ಕೆಟ್ಟದಾಗಿದ್ದರೆ ಅನುಭವಿಗಳು ಹೋಗಲ್ಲ.

1950-51ರ ಚಳಿಗಾಲ ಯುರೋಪಿಗೆ ದೊಡ್ಡ ಪಾಠ ಕಲಿಸಿತು. ಆಲ್ಪ್ಸ್‌ನಾದ್ಯಂತ 265ಕ್ಕೂ ಹೆಚ್ಚು ಜನ ಹಿಮಕುಸಿತಕ್ಕೆ ಬಲಿಯಾದರು. ಸ್ವಿಟ್ಜರ್ಲೆಂಡ್ ಒಂದರಲ್ಲೇ 98. ಆಮೇಲೆ ಬೆಟ್ಟದ ನೆತ್ತಿಯಲ್ಲಿ ತಡೆಬೇಲಿಗಳು ಬಂದವು, ಎಲ್ಲಿ ಮನೆ ಕಟ್ಟಬಾರದು ಅಂತ ನಕ್ಷೆಗಳು ಬಂದವು. 1993ರಲ್ಲಿ ಯುರೋಪಿನ ಎಚ್ಚರಿಕೆ ಕೇಂದ್ರಗಳೆಲ್ಲ ಸೇರಿ ಅಪಾಯಕ್ಕೆ 1ರಿಂದ 5ರವರೆಗೆ ಒಂದೇ ಅಳತೆಗೋಲು ಒಪ್ಪಿಕೊಂಡವು.

ಈ ಅಳತೆಗೋಲಿನಲ್ಲೊಂದು ಮೋಸ ಇದೆ. ಅಳತೆಗೋಲಿನದ್ದಲ್ಲ, ನಮ್ಮ ತಲೆಯದ್ದು. 5ಕ್ಕೆ 3 ಅಂದ ಕೂಡಲೇ ನಮಗೆ ಪರೀಕ್ಷೆಯ ಅಂಕದ ಥರ ಕಾಣುತ್ತೆ. ಮಧ್ಯದಲ್ಲಿದೆ, ಪರವಾಗಿಲ್ಲ ಅನ್ಸುತ್ತೆ. 5 ಇದ್ದ ದಿನ ಯಾರೂ ಮನೆಯಿಂದ ಹೊರಗೇ ಬರಲ್ಲ. ಸ್ವಿಟ್ಜರ್ಲೆಂಡಿನ ಅನುಭವ ಹೇಳೋ ಪ್ರಕಾರ, ಮೋಜಿಗಾಗಿ ಬೆಟ್ಟಕ್ಕೆ ಹೋಗಿ ಸಾಯುವವರಲ್ಲಿ ಹೆಚ್ಚಿನವರು ಸಾಯೋದು 3ನೇ ಮಟ್ಟದ ದಿನ. ಯಾಕಂದ್ರೆ 3 ಅಂದ್ರೆ ಒಬ್ಬನೇ ಒಬ್ಬ ಮನುಷ್ಯನ ಭಾರಕ್ಕೂ ಹಲಗೆ ಜಾರಬಹುದು ಅಂತ ಅರ್ಥ. ಹಿಮಕುಸಿತಕ್ಕೆ ಸಿಕ್ಕಿ ಸತ್ತ ಚಾರಣಿಗರ, ಸ್ಕೀ ಮಾಡುವವರ ಪ್ರಕರಣಗಳಲ್ಲಿ ಸುಮಾರು 90%ರಷ್ಟರಲ್ಲಿ ಕುಸಿತ ಶುರು ಮಾಡಿದ್ದು ಅವರೇ, ಇಲ್ಲವೇ ಅವರ ಜೊತೆಗಾರರು. ಈಗ ಹೇಳಿ, ವಿಧಿ ಎಲ್ಲಿಂದ ಬಂತು?

ಮತ್ತೆ ತಿಳಿದವರೂ ಯಾಕೆ ಹೋಗ್ತಾರೆ? ಅಮೆರಿಕದ ಇಯಾನ್ ಮೆಕ್ಯಾಮನ್ ಅನ್ನೋ ಸಂಶೋಧಕ 700ಕ್ಕೂ ಹೆಚ್ಚು ಅಪಘಾತಗಳನ್ನ ಜಾಲಾಡಿ ಉತ್ತರ ಹುಡುಕಿದ. ಸತ್ತವರಲ್ಲಿ ಹಿಮಕುಸಿತದ ತರಬೇತಿ ಪಡೆದವರೂ ಇದ್ದರು. ಅವರನ್ನ ಕೆಡವಿದ್ದು ಅಜ್ಞಾನ ಅಲ್ಲ, ಮನಸ್ಸಿನ ಬಲೆಗಳು. ‘ಈ ದಾರಿ ನನಗೆ ಗೊತ್ತು’ ಅನ್ನೋದು ಒಂದು. ‘ಇಷ್ಟು ದೂರ ಬಂದಾಗಿದೆ’ ಅನ್ನೋದು ಇನ್ನೊಂದು. ಲೀಡರ್ ಹೇಳ್ತಿದ್ದಾನಲ್ಲ, ಬೇರೆ ತಂಡದವರೂ ಹೋಗ್ತಿದ್ದಾರಲ್ಲ, ಇವತ್ತು ಬಿಟ್ಟರೆ ಮತ್ತೆ ಅವಕಾಶ ಸಿಗಲ್ಲವಲ್ಲ – ಹೀಗೇ ಪಟ್ಟಿ ಬೆಳೆಯುತ್ತೆ. ನಮ್ಮ ಬೆಂಗಳೂರಿನ ಲೆಕ್ಕಕ್ಕೆ ಇನ್ನೆರಡು ಸೇರಿಸಿ: ಮ್ಯಾನೇಜರ್ ಕಷ್ಟಪಟ್ಟು ಕೊಟ್ಟ ಆರು ದಿನದ ರಜೆ, ತುದಿಯಲ್ಲಿ ನಿಂತು ತೆಗೆಯಬೇಕಿರೋ ರೀಲ್.

ಹೂತುಹೋದರೆ? ಸ್ವಿಟ್ಜರ್ಲೆಂಡಿನ ಹಿಮಕುಸಿತಗಳ ಬಗ್ಗೆ 1994ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳೋದು ಕೇಳಿ. 15 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕ್ತಾರೆ. 35 ನಿಮಿಷವಾದರೆ ಮೂವರಲ್ಲಿ ಒಬ್ಬ ಮಾತ್ರ. ಅಂದ್ರೆ ಹೆಲಿಕಾಪ್ಟರ್ ಬರೋ ಹೊತ್ತಿಗೆ ಸಾಮಾನ್ಯವಾಗಿ ಎಲ್ಲ ಮುಗಿದಿರುತ್ತೆ. ಬದುಕಿಸಬೇಕಾದವರು ಪಕ್ಕದಲ್ಲಿರೋ ಗೆಳೆಯರೇ. ಅದಕ್ಕೇ ಪ್ರತಿಯೊಬ್ಬರ ಎದೆಗೂ ಸಿಗ್ನಲ್ ಕಳಿಸೋ ಟ್ರಾನ್ಸೀವರ್, ಬ್ಯಾಗಿನಲ್ಲಿ ಚುಚ್ಚಿ ಹುಡುಕೋ ಉದ್ದನೆಯ ಕಡ್ಡಿ, ಸಲಿಕೆ ಇರಲೇಬೇಕು ಅನ್ನೋದು. ಇದನ್ನ ಓದಿದ ಮೇಲೆ ಹನುಮಂತಪ್ಪನವರ ಆರು ದಿನ ಏನು ಅಂತ ನನಗೆ ಅರ್ಥವಾಯ್ತು. ಆವತ್ತು ಟಿಕ್ಕರ್‌ನಲ್ಲಿ ‘ಪವಾಡ’ ಅಂತ ಬರೆದಾಗ ಅದರ ತೂಕ ನನಗೆ ಗೊತ್ತಿರಲಿಲ್ಲ.

ನಮ್ಮ ದೇಶವೂ ಕೈಕಟ್ಟಿ ಕೂತಿಲ್ಲ. 1969ರಲ್ಲೇ ಡಿಆರ್‌ಡಿಒ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ ಶುರು ಮಾಡಿತು. ಹತ್ತು ವರ್ಷ ಕಳೆದು, 1979ರ ಮಾರ್ಚ್‌ನಲ್ಲಿ, ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸರಣಿ ಹಿಮಕುಸಿತಕ್ಕೆ 200ಕ್ಕೂ ಹೆಚ್ಚು ಜನ ಸತ್ತರು. ಮನಾಲಿಯ ಆ ಸಂಸ್ಥೆಯ ಕೆಲಸವನ್ನ ಈಗ ಮುಂದುವರಿಸ್ತಿರೋದು ಡಿಜಿಆರ್‌ಇ, ಚಂಡೀಗಢದಲ್ಲಿದೆ. ಎಚ್ಚರಿಕೆಗಳನ್ನ ಕೊಡ್ತಾನೇ ಇದೆ. 2025ರ ಫೆಬ್ರವರಿ 28ರಂದು ಉತ್ತರಾಖಂಡದ ಮಾಣಾ ಗ್ರಾಮದ ಬಳಿ ಗಡಿ ರಸ್ತೆ ಕಾರ್ಮಿಕರ ಶಿಬಿರ ಹೂತುಹೋಯ್ತಲ್ಲ? ಹಿಂದಿನ ಸಂಜೆಯೇ ಆ ಜಿಲ್ಲೆಗೆ ಎಚ್ಚರಿಕೆ ಹೋಗಿತ್ತು. 46 ಜನರನ್ನ ಸೇನೆ ಹೊರತೆಗೆದು ಉಳಿಸಿತು. 8 ಜನ ಉಳಿಯಲಿಲ್ಲ.

2022ರ ಅಕ್ಟೋಬರ್ 4. ಉತ್ತರಕಾಶಿಯ ದ್ರೌಪದಿ ಕಾ ದಂಡಾ ಶಿಖರ. ಪರ್ವತಾರೋಹಣ ಕಲಿಯೋಕೆ ಹೋಗಿದ್ದ ತಂಡದ ಮೇಲೆ ಹಿಮ ಕುಸಿದು, 27 ಜನರ ಶವಗಳು ಸಿಕ್ಕವು. ಬೆಂಗಳೂರಿನವರೂ ಇದ್ದರು. ಅದೇ ವರ್ಷ ಎವರೆಸ್ಟ್ ಏರಿದ್ದ ತರಬೇತುದಾರೆ ಸವಿತಾ ಕಂಸ್ವಾಲ್ ಕೂಡ ಇದ್ದರು. ಎವರೆಸ್ಟ್ ಏರಿದ್ದಾರಾ ಇಲ್ಲವಾ ಅಂತ ಹಿಮ ಕೇಳಲ್ಲ. ಇನ್ನು 2024ರ ಜೂನ್‌ನಲ್ಲಿ ಸಹಸ್ರತಾಲ್ ಚಾರಣದಲ್ಲಿ ಕರ್ನಾಟಕದಿಂದ ಹೋಗಿದ್ದ ತಂಡದ 9 ಜನರನ್ನ ಕಳಕೊಂಡೆವು. ಅದು ಹಿಮಕುಸಿತ ಅಲ್ಲ, ಹಿಮಗಾಳಿ ಮತ್ತು ಚಳಿ. ಆದರೆ ಆ ಸುದ್ದಿ ಓದುವಾಗ ನನ್ನ ಗಂಟಲು ಕಟ್ಟಿತು. ಕಾರಣ ಇದೆ.

ಅದಕ್ಕೆ ಕೆಲವು ವರ್ಷ ಮುಂಚೆ ನಾನೂ ನಾಲ್ವರು ಗೆಳೆಯರೂ ಉತ್ತರಾಖಂಡದಲ್ಲಿ ಚಳಿಗಾಲದ ಚಾರಣಕ್ಕೆ ಹೋಗಿದ್ದೆವು. ಕೊನೆಯ ದಿನ, ತುದಿಗೆ ಇನ್ನೊಂದು ಗಂಟೆ ದಾರಿ. ಗಢವಾಲಿ ಗೈಡ್ ಒಂದು ಇಳಿಜಾರಿನ ಅಂಚಿನಲ್ಲಿ ನಿಂತ. ಕೋಲಿನಿಂದ ಹಿಮ ಚುಚ್ಚಿದ, ಸ್ವಲ್ಪ ಪಕ್ಕಕ್ಕೆ ಹೋಗಿ ಮತ್ತೆ ಚುಚ್ಚಿದ. ಎದುರಿನ ಬೆಟ್ಟ ನೋಡಿದ. “ವಾಪಸ್ ಚಲೇಂಗೆ, ಸರ್” ಅಂದ. ನನಗೆ ಕೋಪ ಬಂತು. ನೀಲಿ ಆಕಾಶ, ಒಳ್ಳೆ ಬಿಸಿಲು, ಏನಾಗಿದೆ ನಿನಗೆ ಅಂತ ಕೂಗಾಡಿದೆ. ದುಡ್ಡು ಕೊಟ್ಟಿದ್ದೀವಿ ಅಂದೆ. ನಾನು ಇಂಜಿನಿಯರ್ ಅಂತಲೂ ಹೇಳಿದೆ, ಈಗ ನೆನಪಾದರೆ ಮುಖ ಮುಚ್ಕೊಳ್ಳೋ ಹಾಗಾಗುತ್ತೆ. ಆತ ವಾದ ಮಾಡಲಿಲ್ಲ. ತಿರುಗಿ ಇಳಿಯೋಕೆ ಶುರು ಮಾಡಿದ. ದಾರಿ ಗೊತ್ತಿದ್ದಿದ್ದು ಅವನಿಗೊಬ್ಬನಿಗೇ, ನಾವೂ ಇಳಿದೆವು.

ಆವತ್ತು ಅಲ್ಲಿ ಹಿಮ ಕುಸಿಯಿತಾ? ಇಲ್ಲ. ನಾವು ಹೋಗಿದ್ದರೆ ಕುಸಿಯುತ್ತಿತ್ತಾ? ಯಾವತ್ತೂ ಗೊತ್ತಾಗಲ್ಲ. ಸರಿಯಾದ ನಿರ್ಧಾರದ ಕಷ್ಟ ಇರೋದೇ ಇಲ್ಲಿ. ತಪ್ಪು ನಿರ್ಧಾರಕ್ಕೆ ಸಾಕ್ಷಿ ಸಿಗುತ್ತೆ, ಶವ ಸಿಗುತ್ತೆ, ನಮ್ಮಂಥ ಚಾನೆಲ್‌ಗಳಿಗೆ ಮೂರು ದಿನ ಸುದ್ದಿ ಸಿಗುತ್ತೆ. ಸರಿಯಾದ ನಿರ್ಧಾರಕ್ಕೆ ಸಿಗೋದು ಐದು ಜನರ ಸಿಡುಕು ಮುಖ, ಅಷ್ಟೆ. ಬೈಸಿಕೊಂಡು ಐದು ಜನರನ್ನ ಮನೆಗೆ ಕಳಿಸಿದ ಆ ಮನುಷ್ಯನ ಬಗ್ಗೆ ನಾನೇ ಒಂದೇ ಒಂದು ಸ್ಟೋರಿ ಮಾಡಲಿಲ್ಲ.

ನಿಮ್ಮ ಮಗನೋ ಮಗಳೋ ಈ ಚಳಿಗಾಲದಲ್ಲಿ ಹೊರಟಿದ್ದರೆ, ಬೇಡ ಅನ್ನಬೇಡಿ. ಬೆಟ್ಟ ನೋಡಬೇಕು. ಆದರೆ ನಾಲ್ಕು ಪ್ರಶ್ನೆ ಕೇಳಿಸಿ. ಆ ಜಾಗಕ್ಕೆ ಈ ವಾರದ ಹಿಮಕುಸಿತದ ಎಚ್ಚರಿಕೆ ಏನಿದೆ? ದಾರಿಯಲ್ಲಿ, ಇಲ್ಲವೇ ದಾರಿಯ ಮೇಲ್ಗಡೆ, 30 ಡಿಗ್ರಿಗಿಂತ ಕಡಿದಾದ ಹಿಮದ ಇಳಿಜಾರು ಇದೆಯಾ? ಇದ್ದರೆ ಟ್ರಾನ್ಸೀವರ್, ಸಲಿಕೆ ಎಲ್ಲರ ಹತ್ತಿರ ಇರುತ್ತಾ? ಕೊನೆಯದು ಮುಖ್ಯ. ಗೈಡ್ ವಾಪಸ್ ಹೋಗೋಣ ಅಂದರೆ ಅವನ ಮಾತು ನಡೆಯುತ್ತಾ, ಇಲ್ಲಾ ಅವನ ಸಂಬಳಕ್ಕೆ ಕತ್ತರಿ ಬೀಳುತ್ತಾ?

1916ರ ಕ್ಯಾಪ್ಟನ್ ಷ್ಮಿಡ್‌ಗೆ ಅಪಾಯ ಕಂಡಿತ್ತು, ಹೊರಡೋ ಹಾಗಿರಲಿಲ್ಲ. ಮಾಣಾದ ಕೂಲಿಕಾರರಿಗೆ ಹೊಟ್ಟೆಪಾಡು ಇತ್ತು. ಹನುಮಂತಪ್ಪನವರು ಸೋನಂ ಪೋಸ್ಟ್ ಬಿಟ್ಟು ಇಳಿಯೋ ಹಾಗಿರಲಿಲ್ಲ, ಅದು ಅವರ ಕರ್ತವ್ಯ. ನಮ್ಮನ್ನ ಅಲ್ಲಿ ನಿಲ್ಲಿಸೋಕೆ ಆದೇಶವೂ ಇಲ್ಲ, ಹಸಿವೂ ಇಲ್ಲ. ವಾಪಸ್ ಬರೋ ಸ್ವಾತಂತ್ರ್ಯ ನಮಗೆ ಪೂರ್ತಿಯಾಗಿ ಇದೆ. ಅದನ್ನ ಒಂದು ರೀಲ್‌ಗೋಸ್ಕರ ಬಿಟ್ಟುಕೊಡಬೇಡಿ.